ಸೈಟು ಅಡ ಇಟ್ಟು ಸಿನಿಮಾ ಓದಬೇಕಾ? ಗೊತ್ತಿರುವವರು ಹೇಳಿ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 27 ವರ್ಷ. ಊರು ಶಿರಸಿ ಹತ್ತಿರ. ಇಂಜಿನಿಯರಿಂಗ್ ಓದಿ ಐದು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಡೈರೆಕ್ಟರ್ ಆಗಬೇಕು ಅನ್ನುವ ಹುಚ್ಚು ಕಾಲೇಜಿನಿಂದಲೂ ಇದೆ. ಇಲ್ಲಿಯವರೆಗೆ ಎರಡು ಕಿರುಚಿತ್ರ ಮಾಡಿದ್ದೇನೆ. ಮೊದಲನೆಯದು ಪಿಜಿಯ ಟೆರೇಸಿನ ಮೇಲೆ ಫೋನಿನಲ್ಲಿ ತೆಗೆದದ್ದು, ಅದರ ಬಗ್ಗೆ ಮಾತಾಡದಿದ್ದರೇ ಒಳ್ಳೆಯದು. ಎರಡನೆಯದು ಊರಿನಲ್ಲಿ ಅಮ್ಮಮ್ಮನನ್ನೇ ಹಾಕಿಕೊಂಡು ಮಾಡಿದ 16 ನಿಮಿಷದ್ದು. ಅದನ್ನು ಒಂದು ಸಣ್ಣ ಫೆಸ್ಟಿವಲ್‌ನಲ್ಲಿ ತೋರಿಸಿದರು. ಕಾಲೇಜಿನ ಹಾಲು, ನಲವತ್ತು ಜನ, ಒಂದೇ ಸ್ಪೀಕರು ಕೆಲಸ ಮಾಡುತ್ತಿತ್ತು. ಆದರೂ ಅಮ್ಮಮ್ಮ ಎಲೆಯಡಿಕೆ ತಟ್ಟೆ ಹುಡುಕುವ ಜಾಗದಲ್ಲಿ ಜನ ನಕ್ಕರು. ಅಲ್ಲಿಂದ ತಲೆ ಪೂರ್ತಿ ಕೆಟ್ಟಿದೆ.

ವಿಷಯ ಏನಂದರೆ, ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಸಿನಿಮಾ ನಿರ್ದೇಶನದ ಎಂಎಫ್‌ಎಗೆ ಸೀಟು ಸಿಕ್ಕಿದೆ. ಮೂರು ವರ್ಷದ ಸ್ನಾತಕೋತ್ತರ ಕೋರ್ಸು. ಅವರು ಕೊಡುವ ಸ್ಕಾಲರ್‌ಶಿಪ್ ಕಳೆದರೂ ಫೀಸು, ಊಟ, ಬಾಡಿಗೆ ಎಲ್ಲ ಸೇರಿ ಒಂದು ಕೋಟಿ ಇಪ್ಪತ್ತು ಲಕ್ಷ ದಾಟುತ್ತದೆ. ಅಪ್ಪ ಒಂದು ಮಾತೂ ಎದುರಾಡಲಿಲ್ಲ. 'ಪೇಟೆ ಸೈಟು ಅಡ ಇಡನ, ತೋಟ ಹ್ಯಾಂಗೂ ಇದ್ದಲ' ಅಂದರು. ಅಡಿಕೆ ತೋಟ ಇರುವುದು ಎರಡು ಎಕರೆ. ಎರಡು ವರ್ಷದಿಂದ ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕೆ ಇಳಿದಿದೆ. ಅಪ್ಪ ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು.

ಪುಣೆಯ ಸರ್ಕಾರಿ ಫಿಲ್ಮ್ ಸ್ಕೂಲು ಎಫ್‌ಟಿಐಐ ಪರೀಕ್ಷೆ ಒಮ್ಮೆ ಬರೆದಿದ್ದೆ. ಇಂಟರ್‌ವ್ಯೂವರೆಗೆ ಹೋಗಿ ವಾಪಸ್ ಬಂದೆ.

ನನ್ನ ಪ್ರಶ್ನೆ ಇಷ್ಟೇ. ಇಷ್ಟು ದುಡ್ಡು ಹಾಕಿ ಓದಿದರೆ ಡೈರೆಕ್ಟರ್ ಆಗುವುದಕ್ಕೆ ಏನಾದರೂ ಉಪಯೋಗ ಇದೆಯಾ? ಇಲ್ಲಾ ಸುಮ್ನೆ ಯಾರದಾದರೂ ಹತ್ತಿರ ಅಸಿಸ್ಟೆಂಟ್ ಆಗಿ ಸೇರಿಕೊಳ್ಳಲಾ? ಮುಂದಿನ ತಿಂಗಳು 15ರೊಳಗೆ ಡಿಪಾಸಿಟ್ ಕಟ್ಟಬೇಕು.

ಕ್ಲ್ಯಾಪ್‌ಬೋರ್ಡು:

ಗುರು, ಒಂದು ಕೋಟಿ ಇಪ್ಪತ್ತು ಲಕ್ಷನಾ? ಅಷ್ಟರಲ್ಲಿ ಇಲ್ಲಿ ಒಂದು ಸಿನಿಮಾನೇ ಮುಗಿಸಬಹುದು!

ನಾನು ಗಾಂಧಿನಗರಕ್ಕೆ ಬಂದು ಒಂಬತ್ತು ವರ್ಷ. ಏಳು ಸಿನಿಮಾಕ್ಕೆ ಕೆಲಸ ಮಾಡಿದೆ, ನಾಲ್ಕು ರಿಲೀಸ್ ಆದವು. ಈಗ ಅಸೋಸಿಯೇಟ್ ಡೈರೆಕ್ಟರ್. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ನಿರ್ಮಾಪಕ 'ಎಲ್ಲಿ ಓದಿದ್ದೀಯಪ್ಪ' ಅಂತ ಕೇಳಿಲ್ಲ. ಅವರು ಕೇಳುವುದು ಎರಡೇ. ಕಥೆ ಏನು, ಹೀರೋ ಯಾರು. ಎರಡನೆಯದಕ್ಕೆ ಉತ್ತರ ಇದ್ದರೆ ಮೊದಲನೆಯದನ್ನು ಜಾಸ್ತಿ ಕೇಳುವುದೂ ಇಲ್ಲ.

ಮೊದಲ ಸಿನಿಮಾದಲ್ಲಿ ಕ್ಲ್ಯಾಪ್ ಹೊಡೆದೆ. ಎರಡನೆಯದರಲ್ಲಿ ಕಾಸ್ಟ್ಯೂಮ್ ಕಂಟಿನ್ಯುಟಿ ನೋಡಿದೆ, ಅಂದರೆ ಒಂದು ಶಾಟಿಂದ ಇನ್ನೊಂದಕ್ಕೆ ಬಟ್ಟೆ ಬದಲಾಗದಂತೆ ಕಾಯುವುದು. ಮೂರನೆಯದರಲ್ಲಿ ಜೂನಿಯರ್ ಆರ್ಟಿಸ್ಟ್‌ಗಳನ್ನು ನನ್ನ ತಲೆಗೆ ಕಟ್ಟಿದರು. ಜಾತ್ರೆ ಸೀನು, ಇನ್ನೂರು ಜನ, ಐದೂವರೆಗೆ ಬೆಳಕು ಹೋಗುತ್ತದೆ, ಅರ್ಧ ಜನ ಊಟ ಮುಗಿಸಿ ಮರದ ಕೆಳಗೆ ಮಲಗಿದ್ದಾರೆ. ಅವರನ್ನು ಎಬ್ಬಿಸಿ ತೇರಿನ ಹಿಂದೆ ನಿಲ್ಲಿಸುವುದು ಹೇಗೆ ಅಂತ ಯಾವ ಅಮೆರಿಕದಲ್ಲೂ ಕಲಿಸಲ್ಲ.

2013ರಲ್ಲಿ ಜನರಿಂದಲೇ ದುಡ್ಡು ಸೇರಿಸಿ 'ಲೂಸಿಯಾ' ಮಾಡಿದ ಪವನ್ ಕುಮಾರ್ ಯಾವ ಫಿಲ್ಮ್ ಸ್ಕೂಲಿಂದ ಬಂದವರು? ನಾಟಕ ಮಾಡಿಕೊಂಡಿದ್ದು, ಯೋಗರಾಜ್ ಭಟ್ಟರ ಜೊತೆ ಬರೆದು ಕಲಿತವರು. ನೀನೂ ಬಾ. ಯಾರದಾದರೂ ಆಫೀಸಿನಲ್ಲಿ ಕಥೆ ಡಿಸ್ಕಷನ್‌ಗೆ ಕೂರು. ಮೊದಲ ವರ್ಷ ದಿನದ ಖರ್ಚಿನ ಬಾಟಾ ಬಿಟ್ಟು ಏನೂ ಸಿಗಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಅಪ್ಪನ ಸೈಟು ಅಪ್ಪನ ಹತ್ತಿರಾನೇ ಇರಲಿ.

ಬರ್ಬ್ಯಾಂಕ್ ಬಾಡಿಗೆದಾರ:

ನೀವು ಹೋಗಬೇಕು ಅಂತಿರುವ ದಾರಿಯಲ್ಲೇ ಬಂದವನು ನಾನು. ಹಾಸನದವನು, ಈಗ ಲಾಸ್ ಏಂಜಲೀಸ್ ಪಕ್ಕದಲ್ಲಿ ಇದ್ದೇನೆ. ಇಲ್ಲೇ ಎಂಎಫ್‌ಎ ಮಾಡಿದೆ. ಓದಿದ್ದಕ್ಕೆ ಬೇಸರ ಇಲ್ಲ. ಸಾಲಕ್ಕೆ ಇದೆ.

ಪ್ರಾಸ್ಪೆಕ್ಟಸ್ ನೋಡಿ ತಿಳಿಯದ ಎರಡು ವಿಷಯ ಹೇಳುತ್ತೇನೆ. ಒಂದು ವೀಸಾ. ಓದು ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಬಿಡುತ್ತಾರೆ. ಕಂಪ್ಯೂಟರ್ ಓದಿದವರಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ನಿರ್ದೇಶನ ಓದಿದವರಿಗೆ ಸಾಮಾನ್ಯವಾಗಿ ಇಲ್ಲ. ಹನ್ನೆರಡು ತಿಂಗಳಲ್ಲಿ ಯಾರೂ ಡೈರೆಕ್ಟರ್ ಆಗಲ್ಲ. ಕಾಫಿ ತಂದುಕೊಡುವ ಪ್ರೊಡಕ್ಷನ್ ಅಸಿಸ್ಟೆಂಟ್ ಆಗಬಹುದು, ಅದೂ ಅದೃಷ್ಟ ಇದ್ದರೆ. ನಾನು ಎಡಿಟಿಂಗ್ ಕಡೆ ಹೊರಳಿ ಹೇಗೋ ಉಳಿದುಕೊಂಡೆ. ಈಗ ಮನೆ ರಿಪೇರಿ ಕಾರ್ಯಕ್ರಮಗಳನ್ನು ಕತ್ತರಿಸುತ್ತೇನೆ. ಅಡುಗೆಮನೆ ಟೈಲ್ಸ್ ಬಗ್ಗೆ ನನ್ನಷ್ಟು ತಿಳಿದವರು ಹಾಸನದಲ್ಲಿ ಯಾರೂ ಇರಲಿಕ್ಕಿಲ್ಲ.

ಎರಡು, ಕೋರ್ಸಿನ ಕೊನೆಗೆ ಮಾಡುವ ಥೀಸಿಸ್ ಸಿನಿಮಾದ ಖರ್ಚು. ಇಲ್ಲಿ ಬಹಳ ಕಡೆ ಅದನ್ನು ವಿದ್ಯಾರ್ಥಿಯೇ ಹೊಂದಿಸಿಕೊಳ್ಳಬೇಕು. ಫೀಸಿನ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಆಂಗ್ ಲೀ ಕಥೆ ನೀವೂ ಕೇಳಿರುತ್ತೀರಿ. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಓದು ಮುಗಿಸಿ ಸುಮಾರು ಆರು ವರ್ಷ ಮನೆಯಲ್ಲಿ ಅಡುಗೆ ಮಾಡಿಕೊಂಡು, ಮಕ್ಕಳನ್ನು ನೋಡಿಕೊಂಡು, ಸ್ಕ್ರಿಪ್ಟ್ ಬರೆದುಕೊಂಡು ಕೂತರು. ವಿಜ್ಞಾನಿಯಾಗಿದ್ದ ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು. ಈ ಕಥೆಯನ್ನು ನಮ್ಮ ಮೇಷ್ಟ್ರುಗಳು ತಾಳ್ಮೆಗೆ ಉದಾಹರಣೆ ಅಂತ ಹೇಳುತ್ತಿದ್ದರು. ನನಗೆ ಕೇಳಿಸಿದ್ದು ಮಾತ್ರ ಹೆಂಡತಿಯ ಸಂಬಳ.

ಕಂಟಿನ್ಯುಟಿ ಅಕ್ಕ:

ತಮ್ಮಾ, ನಿನ್ನ ಪ್ರಶ್ನೆ ಓದಿ ಎರಡು ದಿನ ಆಯಿತು. ಶೂಟಿಂಗ್ ಇತ್ತು, ಬರೆಯಲು ಆಗಲಿಲ್ಲ.

ನನಗೀಗ 43. ಮೊದಲು ಎರಡು ವರ್ಷ ಇಲ್ಲೇ ಅಸಿಸ್ಟೆಂಟ್ ಆಗಿದ್ದೆ. ಆಮೇಲೆ ಪುಣೆಗೆ ಹೋಗಿ ನಿರ್ದೇಶನ ಓದಿದೆ. ವಾಪಸ್ ಬಂದು ಮತ್ತೆ ಅಸಿಸ್ಟೆಂಟ್ ಆದೆ. ಒಂದು ಫೀಚರ್ ಸಿನಿಮಾ ಮಾಡಿದ್ದೇನೆ. ನೀನು ನೋಡಿರುವ ಸಾಧ್ಯತೆ ಇಲ್ಲ. ಹೊಟ್ಟೆಪಾಡಿಗೆ ಬೇರೆಯವರ ಸಿನಿಮಾಗಳಲ್ಲಿ ಕಂಟಿನ್ಯುಟಿ ನೋಡುತ್ತೇನೆ, ನಡುನಡುವೆ ಜಾಹೀರಾತು, ಶನಿವಾರ ಒಂದು ಕಡೆ ಪಾಠ. ಕ್ಲ್ಯಾಪ್‌ಬೋರ್ಡು ಹೇಳಿದ್ದು ಸುಳ್ಳಲ್ಲ, ಬರ್ಬ್ಯಾಂಕಿನವರು ಹೇಳಿದ್ದೂ ಸುಳ್ಳಲ್ಲ. ಆದರೆ ಇಬ್ಬರೂ ಒಂದು ಲೆಕ್ಕ ಬಿಟ್ಟಿದ್ದಾರೆ.

22ನೇ ವಯಸ್ಸಿನಲ್ಲಿ ಮೊದಲ ಸಿನಿಮಾಕ್ಕೆ ಹೋದಾಗ ಆ ಯೂನಿಟ್ಟಿನಲ್ಲಿ ನಟಿಯರು, ಹೇರ್‌ಡ್ರೆಸರ್ ಬಿಟ್ಟರೆ ಹೆಣ್ಣು ಅಂತ ಇದ್ದದ್ದು ನಾನೊಬ್ಬಳೇ. ಪಾಂಡವಪುರದ ಕಡೆ ಕಬ್ಬಿನ ಗದ್ದೆಯಲ್ಲಿ ಔಟ್‌ಡೋರ್. ನಟಿಯರಿಗೆ ಕ್ಯಾರವಾನ್ ಇತ್ತು, ನನಗೆ ಟಾಯ್ಲೆಟ್ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿ ಲಾಡ್ಜಿಗೆ ಬರುವ ತನಕ ನೀರು ಕುಡಿಯುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 'ಸೆಟ್ಟೇ ದೊಡ್ಡ ಸ್ಕೂಲು' ಅನ್ನುವವರೆಲ್ಲ ಆ ಸ್ಕೂಲಿನಲ್ಲಿ ಯಾರಿಗೆ ಕೂರಲು ಬೆಂಚು ಇದೆ ಅಂತ ನೋಡಿರುವುದಿಲ್ಲ. ಇರಲಿ, ಅದು ಬೇರೆ ಜಗಳ.

ಆ ಎರಡು ವರ್ಷ ನನ್ನ ಕೈಯಲ್ಲಿ ಒಂದು ಉದ್ದ ನೋಟ್‌ಬುಕ್ಕು ಇರುತ್ತಿತ್ತು. ಹೀರೋ ಶರ್ಟಿನ ಎಷ್ಟನೇ ಗುಂಡಿ ಬಿಚ್ಚಿದೆ, ವಾಚು ಯಾವ ಕೈಗೆ, ಲೋಟದಲ್ಲಿ ಕಾಫಿ ಎಲ್ಲಿಯವರೆಗೆ. ಬಹಳ ಕಲಿತೆ. ಆದರೆ ಕೊನೆಗೆ ಕೂತು ಎಣಿಸಿದೆ. ಮೂರು ಸಿನಿಮಾ, ಇನ್ನೂರಕ್ಕೂ ಜಾಸ್ತಿ ದಿನದ ಶೂಟಿಂಗ್. ಅದರಲ್ಲಿ ಕ್ಯಾಮೆರಾ ಎಲ್ಲಿ ಇಡಬೇಕು ಅಂತ ನಾನು ತೀರ್ಮಾನ ಮಾಡಿದ ಶಾಟುಗಳು ಸೊನ್ನೆ. ಒಂದೂ ಇಲ್ಲ. ಅಡುಗೆ ಭಟ್ಟರ ಪಕ್ಕ ಎರಡು ವರ್ಷ ನಿಂತು ತೆಂಗಿನಕಾಯಿ ತುರಿದರೆ ತುರಿಯುವುದು ಚೆನ್ನಾಗಿ ಬರುತ್ತದೆ. ಸಾರಿಗೆ ಉಪ್ಪು ಎಷ್ಟು ಅಂತ ನಿನ್ನ ಕೈಗೆ ಗೊತ್ತಾಗುವುದಿಲ್ಲ.

ಪುಣೆಯಲ್ಲಿ ಮೊದಲ ವರ್ಷ ಒಂದು ಅಭ್ಯಾಸ ಚಿತ್ರ ಮಾಡಿಸಿದರು. ನನ್ನದು ಇಬ್ಬರು ಅಣ್ಣತಮ್ಮಂದಿರು, ಒಂದು ಮೇಜು, ಮಧ್ಯೆ ಅಪ್ಪನ ಹಿತ್ತಾಳೆ ಲೋಟ. ಪಾಲು ಹಂಚಿಕೊಳ್ಳುವ ಜಗಳ. ಮೊದಲು ಅಣ್ಣನ ಕ್ಲೋಸಪ್ ತೆಗೆದೆ. ಆಮೇಲೆ ಕಿಟಕಿಯ ಬೆಳಕು ಚೆಂದ ಬೀಳುತ್ತಿದೆ ಅಂತ ಕ್ಯಾಮೆರಾವನ್ನು ಮೇಜಿನ ಆ ಕಡೆಗೆ ದಾಟಿಸಿ ತಮ್ಮನ ಕ್ಲೋಸಪ್ ತೆಗೆದೆ. ಬೆಳಕು ನಿಜಕ್ಕೂ ಚೆಂದ ಇತ್ತು. ಎಡಿಟಿಂಗ್ ರೂಮಿನಲ್ಲಿ ಎರಡನ್ನೂ ಜೋಡಿಸಿದರೆ ಅಣ್ಣನೂ ಬಲಕ್ಕೆ ನೋಡುತ್ತಿದ್ದಾನೆ, ತಮ್ಮನೂ ಬಲಕ್ಕೆ ನೋಡುತ್ತಿದ್ದಾನೆ. ನಮ್ಮ ಮೇಷ್ಟ್ರು ಏನೂ ಬೈಯಲಿಲ್ಲ. ಅದೇ ಎಂಟು ಸೆಕೆಂಡನ್ನು ನಾಲ್ಕು ಸಲ ಓಡಿಸಿದರು. ಐದನೇ ಸಲಕ್ಕೆ ನಿಲ್ಲಿಸಿ ಕೇಳಿದರು, 'ಇವರಿಬ್ಬರೂ ಬಸ್ಸಿಗೆ ಕಾಯುತ್ತಿದ್ದಾರಾ?'

ಎದುರುಬದುರು ಇರುವ ಇಬ್ಬರ ಮಧ್ಯೆ ಒಂದು ಗೆರೆ ಇದೆ ಅಂದುಕೊಂಡು, ಕ್ಯಾಮೆರಾ ಆ ಲೈನ್ ದಾಟಬಾರದು ಅಂತ ಅಸಿಸ್ಟೆಂಟ್ ಆಗಿದ್ದಾಗಲೇ ಕೇಳಿದ್ದೆ. ನೂರು ಸಲ ಕೇಳಿದ್ದೆ. ನನ್ನದೇ ಜಗಳ ನನ್ನ ಕಣ್ಣೆದುರೇ ಬಸ್ ಸ್ಟ್ಯಾಂಡ್ ಆದ ಮೇಲೆ ತಲೆಗೆ ಹೋಯಿತು.

2011ರಲ್ಲಿ ವಾಪಸ್ ಇಲ್ಲಿ ಒಂದು ಸಿನಿಮಾದಲ್ಲಿದ್ದೆ. ಹೀರೋಯಿನ್ ಕಡೆಯ ಶಾಟುಗಳನ್ನು ಮೊದಲೇ ತೆಗೆದಾಗಿತ್ತು. ಹೀರೋ ಕಾಲ್‌ಶೀಟ್ ಸಿಕ್ಕಿದ್ದು ಹನ್ನೊಂದು ದಿನ ಬಿಟ್ಟು. ಅದೇ ಮನೆ, ಅದೇ ಸೋಫಾ, ಆದರೆ ಅವಳಿಲ್ಲ. ಕ್ಯಾಮೆರಾ ಇಟ್ಟ ಜಾಗ ನೋಡಿದ ತಕ್ಷಣ ನನಗೆ ಆ ಅಣ್ಣತಮ್ಮಂದಿರು ಕಂಡರು. ಕ್ಯಾಮೆರಾಮನ್ ಹತ್ತಿರ ಹೋಗಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದೆ. ಅವರು ಒಂದು ನಿಮಿಷ ಸುಮ್ಮನಿದ್ದು ಕ್ಯಾಮೆರಾ ಎತ್ತಿಸಿದರು. ಒಂದು ದಿನದ ರೀಶೂಟ್ ಉಳಿಯಿತು. ಪ್ರೊಡಕ್ಷನ್‌ನವರಿಗೆ ಗೊತ್ತೂ ಆಗಲಿಲ್ಲ. ನನಗೆ ಒಂದು ಟೀ ಕೂಡ ಜಾಸ್ತಿ ಸಿಗಲಿಲ್ಲ.

ಸ್ಕೂಲು ಕೊಡುವುದು ಇದನ್ನು. ತಪ್ಪು ಮಾಡಲು ಅಗ್ಗದ ಜಾಗ. ಕ್ಲ್ಯಾಪ್‌ಬೋರ್ಡಣ್ಣ, ಆ ದುಡ್ಡಿನಲ್ಲಿ ಸಿನಿಮಾನೇ ಮಾಡಬಹುದು ಅಂದಿರಲ್ಲ, ಮಾಡಬಹುದು. ಆದರೆ ಆಗ ಆ ಬಸ್ ಸ್ಟ್ಯಾಂಡ್ ತಪ್ಪಿನ ಬೆಲೆ ಒಂದು ಕೋಟಿ ಇಪ್ಪತ್ತು ಲಕ್ಷ. ತಮ್ಮಾ, ನಿನಗೆ ಹೇಳುವುದೂ ಅದನ್ನೇ, ಆ ಕಡೆಯಿಂದ. ತಪ್ಪು ಮಾಡುವ ಜಾಗಕ್ಕೇ ಕೋಟಿ ಸುರಿದರೆ ಅದು ಅಗ್ಗದ ಜಾಗ ಹೇಗಾಗುತ್ತದೆ?

ಓದಿ ಬಂದವರನ್ನೇ ನೋಡು. ಗಿರೀಶ್ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿ ಪುಣೆಗೆ ಹೋದವರು. ಅವರ ಡಿಪ್ಲೊಮಾ ಚಿತ್ರ 'ಅವಶೇಷ'ಕ್ಕೇ ರಾಷ್ಟ್ರಪ್ರಶಸ್ತಿ ಬಂತು. 1977ರಲ್ಲಿ 'ಘಟಶ್ರಾದ್ಧ' ಮಾಡಿ ಸ್ವರ್ಣಕಮಲ ತೆಗೆದುಕೊಂಡಾಗ ಅವರಿಗೆ ಸುಮಾರು ನಿನ್ನ ವಯಸ್ಸು. ಮೊನ್ನೆಮೊನ್ನೆಯದು ಬೇಕಾ, ಮೈಸೂರಿನ ಚಿದಾನಂದ ನಾಯ್ಕ್ ಇದ್ದಾರೆ. ಎಂಬಿಬಿಎಸ್ ಮಾಡಿದ ಡಾಕ್ಟರು. ಎಫ್‌ಟಿಐಐಯಲ್ಲಿ ಒಂದೇ ವರ್ಷದ ಟಿವಿ ನಿರ್ದೇಶನದ ಕೋರ್ಸು ಸೇರಿದರು. ವರ್ಷದ ಕೊನೆಗೆ ನಾಲ್ಕು ದಿನದ ಶೂಟಿಂಗ್‌ನಲ್ಲಿ ಹುಂಜ ಕದ್ದ ಅಜ್ಜಿಯ ಜನಪದ ಕಥೆಯೊಂದನ್ನು ಕನ್ನಡದಲ್ಲೇ ಮಾಡಿದರು. 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ. ಆ ವರ್ಷ ಅಲ್ಲಿಗೆ ಬಂದಿದ್ದು 2,263 ಚಿತ್ರ, ಆರಿಸಿದ್ದು 18.

ಇಲ್ಲಿ ಒಂದು ವಿಷಯ ಗಮನಿಸು. ಲಾ ಸಿನೆಫ್ ಇರುವುದೇ ಫಿಲ್ಮ್ ಸ್ಕೂಲಿನ ಚಿತ್ರಗಳಿಗೆ. ನೀನು ಅಮ್ಮಮ್ಮನ ಮೇಲೆ ಮಾಡಿದ್ದು ಎಷ್ಟೇ ಚೆನ್ನಾಗಿದ್ದರೂ ಆ ಬಾಗಿಲು ನಿನಗೆ ತೆರೆಯುವುದಿಲ್ಲ. ಸರ್ಟಿಫಿಕೇಟನ್ನು ಗಾಂಧಿನಗರದಲ್ಲಿ ಯಾರೂ ಕೇಳಲ್ಲ ಅನ್ನುವುದು ಖರೆ. ಈ ಇಬ್ಬರಿಗೂ ಕೆಲಸಕ್ಕೆ ಬಂದದ್ದು ಸರ್ಟಿಫಿಕೇಟ್ ಅಲ್ಲ, ಅಲ್ಲಿ ಇದ್ದಾಗ ಮಾಡಿದ ಸಿನಿಮಾ. ಇನ್ನೊಂದು, ಪುಣೆಯ ಫೀಸು ವರ್ಷಕ್ಕೆ ಲಕ್ಷದ ಲೆಕ್ಕದ್ದು, ಕೋಟಿ ಲೆಕ್ಕದ್ದಲ್ಲ. ಅಭ್ಯಾಸ ಚಿತ್ರಗಳ ಖರ್ಚು ಸಂಸ್ಥೆಯದ್ದು.

ಸ್ಕೂಲಿಗೆ ಹೋಗದೆ ಬಂದವರೂ ಇದ್ದಾರೆ, ಅದೂ ನಿಮ್ಮ ಜಿಲ್ಲೆಯಲ್ಲೇ. ನಟೇಶ್ ಹೆಗಡೆ 2021ರಲ್ಲಿ ಬುಸಾನ್ ಚಿತ್ರೋತ್ಸವಕ್ಕೆ ತೆಗೆದುಕೊಂಡು ಹೋದ 'ಪೆದ್ರೊ'ದಲ್ಲಿ ಮುಖ್ಯ ಪಾತ್ರ ಮಾಡಿದ್ದು ಅವರ ಅಪ್ಪನೇ. ರಾಮ್ ರೆಡ್ಡಿ ಪ್ರಾಗ್‌ನಲ್ಲಿ ಓದಿ ಬಂದು 'ತಿಥಿ' ಮಾಡಿದರು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಆದರೆ ಅದನ್ನು ಬರೆದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರ ಜೊತೆ ಕೂತು, ತೆಗೆದದ್ದು ಅದೇ ಊರಿನಲ್ಲಿ. ಕ್ಯಾಮೆರಾ ಎಲ್ಲಿ ಇಡಬೇಕು ಅಂತ ಪ್ರಾಗ್‌ನಲ್ಲಿ ಹೇಳಿಕೊಟ್ಟಿರಬಹುದು. ತಿಥಿ ಊಟಕ್ಕೆ ಎಷ್ಟು ಕುರಿ ಬೇಕು ಅಂತ ಅಲ್ಲಿ ಯಾರಿಗೆ ಗೊತ್ತು?

ಈಗ ನನ್ನ ಕಥೆಯ ಬೇಸರದ ಭಾಗ. ಡಿಪ್ಲೊಮಾ ಮುಗಿದ ಮೇಲೆ ನನ್ನ ಮೊದಲ ಸಿನಿಮಾ ಶುರುವಾಗಲು ಎಂಟು ವರ್ಷ ಹಿಡಿಯಿತು. ಎಂಟು! ಒಬ್ಬ ನಿರ್ಮಾಪಕರು ಮೂರು ವರ್ಷ ಸ್ಕ್ರಿಪ್ಟ್ ಇಟ್ಟುಕೊಂಡರು. ಮುಹೂರ್ತದ ದಿನವನ್ನೂ ನೋಡಿಸಿದರು. ಆಮೇಲೆ ಫೋನ್ ಎತ್ತುವುದು ನಿಲ್ಲಿಸಿದರು. ಕೊನೆಗೆ ಸಿನಿಮಾ ಆದದ್ದು ಪುಣೆಯ ಗೆಳೆಯರಿಂದ. ನನ್ನ ಬ್ಯಾಚಿನ ಕ್ಯಾಮೆರಾಮನ್ 19 ದಿನ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಸೌಂಡ್ ಮಾಡುವವನು ತನ್ನದೇ ಮೈಕು, ರೆಕಾರ್ಡರ್ ಹೊತ್ತುಕೊಂಡು ರಾತ್ರಿ ಬಸ್ಸಿನಲ್ಲಿ ಬಂದ. ಅವನು ಬಂದದ್ದು ಸ್ನೇಹಕ್ಕೆ ಅಂತ ನಾನು ಅಂದುಕೊಂಡಿದ್ದೆ. 'ಸೆಕೆಂಡ್ ಇಯರ್‌ನಲ್ಲಿ ನನ್ನ ಪ್ರಾಜೆಕ್ಟಿಗೆ ನೀನು ಮೂರು ರಾತ್ರಿ ಲೈಟು ಹಿಡಿದಿದ್ದೆ, ಅದರ ಬಡ್ಡಿ' ಅಂದ.

ಸಿನಿಮಾ ಒಂದು ವಾರ ಓಡಿತು. ಬೆಳಗಿನ ಆಟ ಮಾತ್ರ. ಅದರ ಬಗ್ಗೆ ಇನ್ನೊಮ್ಮೆ.

ಆ ಎಂಟು ವರ್ಷ ನಾನು ಉಳಿದದ್ದು ಹೇಗೆ ಅಂದರೆ, ನನ್ನ ತಲೆಯ ಮೇಲೆ ಕಂತು ಇರಲಿಲ್ಲ. ವಿಜಯನಗರದಲ್ಲಿ ಒಂದು ರೂಮು, ಇಬ್ಬರು ಹಂಚಿಕೊಂಡಿದ್ದೆವು. ಸೀರಿಯಲ್‌ಗೆ ಎಪಿಸೋಡ್ ಬರೆದೆ, ಸಾಕು ಅನ್ನಿಸಿದಾಗ ಬಿಟ್ಟೆ. ಬಿಡಲು ಆಗುತ್ತಿತ್ತು. ತಿಂಗಳ ಐದನೇ ತಾರೀಕು ಬ್ಯಾಂಕಿಗೆ ಒಂದು ಲಕ್ಷ ಕಟ್ಟುವುದಿದ್ದಿದ್ದರೆ ಇವತ್ತಿಗೂ ಅತ್ತೆ ಸೊಸೆಗೆ ವಿಷ ಹಾಕಿಸುತ್ತಾ ಇರುತ್ತಿದ್ದೆ. ಬರ್ಬ್ಯಾಂಕಿನವರು ಟೈಲ್ಸ್ ಬಗ್ಗೆ ತಮಾಷೆ ಮಾಡಿದ್ದಾರೆ, ಆದರೆ ಅದನ್ನು ಇನ್ನೊಮ್ಮೆ ಓದು.

ಹಾಗಾಗಿ ಡಿಪಾಸಿಟ್ ಕಟ್ಟುವ ಮುಂಚೆ ಆ ಯೂನಿವರ್ಸಿಟಿಗೆ ಒಂದು ಮೇಲ್ ಹಾಕು. ನಿಮ್ಮಲ್ಲಿ ಹೆಸರಾಂತ ಯಾರು ಓದಿದ್ದಾರೆ ಅಂತ ಕೇಳಬೇಡ, ಅದನ್ನು ಅವರೇ ಹೇಳುತ್ತಾರೆ. ಮೂರು ವರ್ಷದಲ್ಲಿ ನಾನು ನಿರ್ದೇಶಕನಾಗಿ ಒಟ್ಟು ಎಷ್ಟು ದಿನ ಶೂಟ್ ಮಾಡುತ್ತೇನೆ ಅಂತ ಕೇಳು. ದಿನದ ಲೆಕ್ಕದಲ್ಲಿ ಉತ್ತರ ಬೇಕು ಅನ್ನು. ಆ ಸಿನಿಮಾಗಳಿಗೆ ದುಡ್ಡು ಯಾರು ಹಾಕುತ್ತಾರೆ, ಮುಗಿದ ಮೇಲೆ ಅವು ಯಾರವು, ಅದನ್ನೂ. ಕ್ಯಾಮೆರಾ, ಸೌಂಡ್ ಕಲಿಯುವವರು ಅದೇ ಕ್ಯಾಂಪಸ್ಸಿನಲ್ಲಿ ಇದ್ದಾರಾ, ಇಲ್ಲಾ ಬರೀ ಡೈರೆಕ್ಟರುಗಳೇ ತುಂಬಿದ್ದಾರಾ? ಬರೀ ಡೈರೆಕ್ಟರುಗಳು ಇರುವ ಕಡೆ ಮೈಕು ಹಿಡಿಯಲು ಯಾರೂ ಇರುವುದಿಲ್ಲ.

ಇದೇ ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ಬೀದಿಗೊಂದು ಇರುವ ಆರು ತಿಂಗಳ ಕೋರ್ಸಿನವರಿಗೂ ಕೇಳಬಹುದು. ಒಂದು ಕಡೆ ನಾನೇ ಪಾಠಕ್ಕೆ ಹೋಗಿದ್ದೆ. ಮೂವತ್ತು ಮಕ್ಕಳಿಗೆ ಒಂದು ಕ್ಯಾಮೆರಾ, ಅದರ ಬ್ಯಾಟರಿ ಚಾರ್ಜರು ಆಫೀಸಿನ ಬೀರುವಿನಲ್ಲಿ, ಬೀರುವಿನ ಕೀ ಮಾಲೀಕರ ಮನೆಯಲ್ಲಿ.

ಪುಣೆ ಇಂಟರ್‌ವ್ಯೂನಲ್ಲಿ ಏನು ಕೇಳಿದರು, ನೀನು ಏನು ಹೇಳಿದೆ? ಅದನ್ನು ಬರೆ.

ತೋಟದಮನೆ:

ಅಕ್ಕಾ, ನಿಮ್ಮದನ್ನು ಆಫೀಸಿನಲ್ಲಿ ಕೂತು ಎರಡು ಸಲ ಓದಿದೆ.

ಇಂಟರ್‌ವ್ಯೂನಲ್ಲಿ ನಿನ್ನ ಮನೆಯ ಬಗ್ಗೆ ಹೇಳು ಅಂದರು. ನಾನು ಯುರೋಪಿನ ಡೈರೆಕ್ಟರುಗಳ ಬಗ್ಗೆ ತಯಾರಿ ಮಾಡಿಕೊಂಡು ಹೋಗಿದ್ದೆ. ಅಪ್ಪ ಕೃಷಿಕರು, ಆಯಿ ಗೃಹಿಣಿ ಅಂತ ಹೇಳಿ ಸುಮ್ಮನಾದೆ. ಮನೆಯಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಏನು ಸದ್ದು ಕೇಳುತ್ತದೆ ಅಂತ ಕೇಳಿದರು. ಹಕ್ಕಿ ಅಂದೆ. ಹಕ್ಕಿ! ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ಕೇಳುವುದು ಅಪ್ಪ ಹಿಂದಿನ ದಿನದ ಪೇಪರ್ ಮಡಚುವ ಸದ್ದು. ಪೇಪರ್ ನಮಗೆ ಒಂದು ದಿನ ತಡವಾಗಿ ಬರುತ್ತದೆ. ಅದು ರೈಲಿನಲ್ಲಿ ವಾಪಸ್ ಬರುವಾಗ ಹೊಳೆಯಿತು.

ಅಮೆರಿಕಕ್ಕೂ ಮೇಲ್ ಹಾಕಿದೆ. ಮರ್ಯಾದೆಯಿಂದ ಉತ್ತರ ಕೊಟ್ಟರು. ಮೂರು ವರ್ಷಕ್ಕೆ ದೊಡ್ಡದು ಸಣ್ಣದು ಎಲ್ಲ ಸೇರಿ 22 ದಿನದ ಶೂಟಿಂಗ್. ಥೀಸಿಸ್ ಚಿತ್ರದ ಖರ್ಚು ನನ್ನದೇ. ಕ್ಯಾಲ್ಕುಲೇಟರ್ ತೆಗೆದು ಭಾಗಿಸಿದೆ. ದಿನಕ್ಕೆ ಐದು ಲಕ್ಷದ ಮೇಲೆ ಬಂತು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಹಾಗಾದರೆ ಒಂದು ದಿನದ್ದನ್ನು ಇಲ್ಲೇ ಮಾಡು, ನೋಡುವ ಅಂದರು.

ಡಿಪಾಸಿಟ್ ಕಟ್ಟಲಿಲ್ಲ. ಪುಣೆಗೆ ಮತ್ತೆ ಬರೆಯುತ್ತೇನೆ, ಒಂದು ವರ್ಷದ ಕೋರ್ಸಿಗೂ ಹಾಕುತ್ತೇನೆ. ಅದಕ್ಕಿಂತ ಮುಂಚೆ ಈ ಮಳೆಗಾಲದಲ್ಲಿ ಊರಲ್ಲಿ ಮೂರನೆಯದನ್ನು ಮಾಡಬೇಕು ಅಂತಿದೆ. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ. ನಮ್ಮ ಕೊನೆಗೌಡ ಅರವತ್ತು ದಾಟಿದವರು. ಮರ ಹತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರಿಕೊಂಡೇ ಇಡೀ ಸಾಲು ಮುಗಿಸುತ್ತಾರೆ, ಕೆಳಗೆ ಇಳಿಯುವುದಿಲ್ಲ. ಮಳೆ ಬಿಟ್ಟ ಎರಡು ತಾಸಿನಲ್ಲಿ ಮುಗಿಸಬೇಕು. ಅವರು ಮೇಲೆ, ಪಂಪು ಒತ್ತುವ ಅವರ ಮಗ ಕೆಳಗೆ. ಇಬ್ಬರಿಗೂ ಮಾತು ಬಿಟ್ಟು ಎರಡು ವರ್ಷ.

ಕ್ಲ್ಯಾಪ್‌ಬೋರ್ಡು:

ಇದು ಚೆನ್ನಾಗಿದೆ ಗುರು. ಆಷಾಢದಲ್ಲಿ ನಮಗೆ ಹೇಗೂ ಕೆಲಸ ಕಡಿಮೆ. ಊಟ ಹಾಕಿದರೆ ನಾನೇ ಬಂದು ಕ್ಲ್ಯಾಪ್ ಹೊಡೆಯುತ್ತೇನೆ. ಒಂಬತ್ತು ವರ್ಷ ಆಯಿತು ಕೈಯಲ್ಲಿ ಹಿಡಿದು.

ಕಂಟಿನ್ಯುಟಿ ಅಕ್ಕ:

ಮೇಲಿರುವವನು ಕೆಳಗೆ ನೋಡುವುದು, ಕೆಳಗಿರುವವನು ಮೇಲೆ ನೋಡುವುದು. ಲೈನು ಎಲ್ಲಿದೆ ಅಂತ ಮೊದಲೇ ಕಾಗದದ ಮೇಲೆ ಬರೆದುಕೋ. ಅಡಿಕೆ ಮರಗಳು ಎಲ್ಲ ಒಂದೇ ಥರ ಕಾಣುತ್ತವೆ, ದಾಟಿದ್ದು ಗೊತ್ತೇ ಆಗುವುದಿಲ್ಲ.

ಪಂಪಿನ ಸದ್ದಿನ ಮಧ್ಯೆ ಮಾತು ರೆಕಾರ್ಡ್ ಮಾಡಲು ಹೋಗಬೇಡ, ಒಂದೂ ಉಪಯೋಗಕ್ಕೆ ಬರಲ್ಲ. ಪಂಪನ್ನು ಬೇರೆಯಾಗಿ ಹತ್ತು ನಿಮಿಷ ತೆಗೆದುಕೋ. ಮರದ ಮೇಲಿಂದ ಹನಿ ಕೆಳಗಿನ ಎಲೆಗೆ ಬೀಳುವ ಸದ್ದನ್ನು ಇನ್ನೊಂದು ಸಲ ತೆಗೆದುಕೋ, ಔಷಧಿಗೆ ಸುಣ್ಣ ಮೈಲುತುತ್ತು ಕಲಸುವುದನ್ನೂ. ಮೈಕಿಗೆ ಪ್ಲಾಸ್ಟಿಕ್ ಸುತ್ತಬೇಡ, ಮಳೆಯಲ್ಲಿ ಪಟಪಟ ಅನ್ನುತ್ತದೆ. ಹಳೆಯ ಕಂಬಳಿ ತುಂಡು ಇದ್ದರೆ ಅದನ್ನು ಹಾಕು. ಅಂದಹಾಗೆ ಸೌಂಡ್ ಯಾರು ಮಾಡುತ್ತಿದ್ದಾರೆ? ಯಾರೂ ಇಲ್ಲ ಅಂದರೆ ಹೇಳು, ಆ ರಾತ್ರಿ ಬಸ್ಸಿನವನನ್ನು ಕೇಳುತ್ತೇನೆ. ನನ್ನ ಬಡ್ಡಿ ಇನ್ನೂ ಸ್ವಲ್ಪ ಉಳಿದಿದೆ.